ಕೈಯಾಡಿಸದ ಮಾಲು

ಮಾರ್ಚ್ 4, 2019, ಸೋಮವಾರ

ಮನೆ ಮಾರಾಟವಾಯಿತು. ಮೇ ಮೊದಲ ವಾರದೊಳಗೆ ಖಾಲಿ ಮಾಡಿಕೊಡಬೇಕು. ಅಡುಗೆಮನೆ ನನ್ನದು, ಅದನ್ನು ಅರ್ಧ ದಿನದಲ್ಲಿ ಕಟ್ಟಿಡುತ್ತೇನೆ. ಕ್ಲಿಫರ್ಡನ ಬಟ್ಟೆಗಳನ್ನು ಚರ್ಚಿನವರು ಆಗಲೇ ಒಯ್ದರು. ಇನ್ನು ಉಳಿದಿರುವುದು ಹಿಂದಿನ ಕೋಣೆ, ಅದರೊಳಗಿನ ಅವನ ರೈಲುಗಳು.

ಕಡಲತೀರದ ಮೊರೆಕ್ಯಾಂಬ್‌ನಿಂದ ನೊರೀನ್ ಫೋನ್ ಮಾಡಿದ್ದಳು. ಒಡಹುಟ್ಟಿದ ತಂಗಿ, ಆದರೆ ಬಾಯಿಗೆ ಲಗಾಮಿಲ್ಲ.

"ಅಕ್ಕಾ, ಆ ಆಟದ ರೈಲೆಲ್ಲ ಏನ್ ಮಾಡ್ತೀಯೇ?"

"ಮಾರ್ತೀನಿ."

"ಯಾರೇ ತಗೋತಾರೆ ಅದನ್ನ? ಆ ಮನುಷ್ಯ ನಲವತ್ತು ವರ್ಷ ಬಾಗಿಲು ಹಾಕ್ಕೊಂಡು ಕೂತಿದ್ದಕ್ಕೆ ಮುನ್ನೂರು ಪೌಂಡ್ ಹುಟ್ಟಿದ್ರೆ ನಿನ್ನ ಪುಣ್ಯ."

ಒಲೆಯ ಮೇಲೆ ಹಾಲಿದೆ ಎಂದು ಸುಳ್ಳು ಹೇಳಿ ಫೋನ್ ಇಟ್ಟೆ. ಸಿಟ್ಟು ಬಂತು. ನೊರೀನ್ ಮೇಲೋ ಕ್ಲಿಫರ್ಡನ ಮೇಲೋ ಗೊತ್ತಾಗಲಿಲ್ಲ. ಊಟ ಮುಗಿದ ಮೇಲೆ "ಒಂದು ಗಂಟೆ ಕಣೇ, ಬಂದೆ" ಎಂದು ಮೆಟ್ಟಿಲು ಹತ್ತಿದರೆ ನಾನು ಮಲಗುವ ಹೊತ್ತಿಗೂ ಇಳಿಯುತ್ತಿರಲಿಲ್ಲ. ಮದುವೆಯಾಗಿದ್ದು ಅವನನ್ನು, ಸಂಜೆ ಕಳೆದದ್ದು ಟೀವಿಯ ಜೊತೆ. ಆ ರೈಲುಗಳಿಗೆ ಒಳ್ಳೆಯ ಬೆಲೆ ಬಂದರೆ ಆ ಸಂಜೆಗಳು ಎಲ್ಲೋ ಒಂದು ಕಡೆ ಜಮಾ ಆಗಿದ್ದವು ಎಂದುಕೊಳ್ಳಬಹುದು. ಮುನ್ನೂರೇ ಬಂದರೆ ಅವನ ಸಂಜೆಗಳೂ ನನ್ನವೂ ಚರಂಡಿಗೆ ಹೋದಂತೆ. ನನಗೆ ಬೇಕಾದದ್ದು ಇಷ್ಟೇ. ಅದನ್ನು ನೊರೀನ್‌ಗೆ ಹೇಳುವ ಅಗತ್ಯವಿಲ್ಲ.

ಸತ್ತದ್ದೂ ಅದರ ದೆಸೆಯಿಂದಲೇ. ಜನವರಿಯ ಆ ಚಳಿಯಲ್ಲಿ ರೈಲಿಗೆ ಅಂಟು ತರುತ್ತೇನೆಂದು ಹೊರಟವನು ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತ ಹಾಗೆಯೇ ಹೋಗಿಬಿಟ್ಟ.

ಮಾರ್ಚ್ 6, ಬುಧವಾರ

ಕ್ಲಿಫರ್ಡನ ರೈಲು ಕ್ಲಬ್ಬಿನ ಗೆಳೆಯ ಆರ್ನಲ್ಡ್ ಫೆದರ್ ಫೋನ್ ಮಾಡಿದ್ದರು. ಅವರ ಕ್ಲಬ್ಬಿನಲ್ಲಿ ಯಾರಾದರೂ ತೀರಿಕೊಂಡರೆ ಉಳಿದವರು ಬಂದು ಹೆಂಡತಿಗೆ ಮೋಸವಾಗದ ಹಾಗೆ ಮಾಲನ್ನು ನೋಡಿ, ಬೆಲೆ ಕಟ್ಟಿ, ವ್ಯಾಪಾರಿಯನ್ನು ಗೊತ್ತುಮಾಡಿ ಕೊಡುವ ಪದ್ಧತಿಯಿದೆ. ಆದರೆ ಆರ್ನಲ್ಡರಿಗೆ ಈಗಷ್ಟೇ ಮಂಡಿ ಆಪರೇಷನ್ ಆಗಿದೆ, ತಿಂಗಳ ಕೊನೆಗೆ ಬರುತ್ತಾರಂತೆ.

"ಅಲ್ಲಿವರೆಗೂ ಒಂದೇ ಒಂದು ಮಾತು ನಡೆಸಿಕೊಡಿ ಥೆಲ್ಮಾ. ಇಂಜಿನ್ ಬಂದ ಖಾಲಿ ಡಬ್ಬಿಗಳನ್ನ ಎಸೀಬೇಡಿ. ಎಲ್ಲಾ ಹೆಂಗಸರೂ ಮಾಡೋ ತಪ್ಪು ಅದೇ. ಡಬ್ಬಿ ಇಲ್ಲ ಅಂದ್ರೆ ಬೆಲೇನೂ ಇಲ್ಲ."

"ನಾನು ಎಲ್ಲಾ ಹೆಂಗಸರ ಥರ ಅಲ್ಲ ಬಿಡಿ."

ಡಬ್ಬಿಗಳು ಮಂಚದ ಕೆಳಗೆ ಒಂದೂ ಮೂಲೆ ಮುರಿಯದೆ ಇವೆ. ಆದರೆ ಇಂಜಿನ್‌ಗಳು! ಅವನ ಕೋಣೆಯ ಬಾಗಿಲು ತೆಗೆದು ದೀಪ ಹಾಕಿದವಳು ಅಲ್ಲೇ ನಿಂತೆ. ಗಾಜಿನ ಬೀರುವಿನಲ್ಲಿ ಸಾಲಾಗಿ ಇಪ್ಪತ್ತಕ್ಕೂ ಹೆಚ್ಚು, ಒಂದಕ್ಕೂ ಮುಖವಿಲ್ಲ. ಮಸಿ, ತುಕ್ಕು, ಎಣ್ಣೆಯ ಕಲೆ. ಹಸಿರು ಇಂಜಿನ್ ಹಸಿರಲ್ಲ, ಕೆಂಪು ಕೆಂಪಲ್ಲ. ಧೂಳಿನ ಬಟ್ಟೆ ಹಿಡಿದು ನಾನು ಆ ಕೋಣೆಗೆ ಹೋಗಬಾರದು, ಅಂಟಿನ ಕೈಯಲ್ಲಿ ಅವನು ನನ್ನ ಅಡುಗೆಮನೆಗೆ ಬರಬಾರದು, ಹಾಗೆಂದು ಯಾವ ಕಾಲದಲ್ಲೋ ಒಪ್ಪಂದವಾಗಿತ್ತು. ನಾನು ಮಾತಿಗೆ ತಪ್ಪಲಿಲ್ಲ. ಅದರ ಫಲ ಇದು.

ಕೊಳೆ ಕಂಡರೆ ಕೈ ತಡೆಯದ ನನ್ನ ಈ ಚಾಳಿ ಹೊಸದಲ್ಲ. ಅವನು ನನ್ನನ್ನು ಮೊದಲ ಸಲ ಹೊರಗೆ ಕರೆದುಕೊಂಡು ಹೋದದ್ದು ಸಿನಿಮಾಕ್ಕೂ ಅಲ್ಲ, ಡಾನ್ಸಿಗೂ ಅಲ್ಲ, ಸ್ಕಿಪ್ಟನ್ ಸ್ಟೇಷನ್ನಿಗೆ. ಕಲ್ಲಿದ್ದಲಿನ ಇಂಜಿನ್‌ಗಳ ಕೊನೆಗಾಲ ಅದು, ಅವನ್ನು ತೊಳೆಯುವವರೇ ಇರಲಿಲ್ಲ. ಪ್ಲಾಟ್‌ಫಾರ್ಮಿಗೆ ಬಂದು ನಿಂತ ಒಂದರ ನಂಬರು ಮಸಿಯಲ್ಲಿ ಮುಚ್ಚಿಹೋಗಿತ್ತು, ಕ್ಲಿಫರ್ಡ್ ಓದಲಾಗದೆ ಒದ್ದಾಡುತ್ತಿದ್ದ. ನನಗೆ ತಡೆಯಲಾಗಲಿಲ್ಲ. ಬಿಳೀ ಕರ್ಚೀಫು ತೆಗೆದು ನಂಬರಿದ್ದ ಜಾಗವನ್ನು ಒರೆಸಿದೆ. "ಪೂರ್ತಿ ತೊಳೆದುಬಿಡಮ್ಮಾ, ಸಂಬಳ ಕೊಡಿಸ್ತೀನಿ" ಎಂದು ಡ್ರೈವರ್ ನಕ್ಕ. ಆಸ್ಪತ್ರೆಯ ಲಾಂಡ್ರಿಯಲ್ಲಿ ಅಷ್ಟು ವರ್ಷ ದುಡಿದೆನಲ್ಲ, ರಕ್ತ, ಅಯೋಡಿನ್, ಏನೇ ಬಂದರೂ ಬಿಟ್ಟವಳಲ್ಲ. ಆ ಕರ್ಚೀಫು ಒಂದು ಮಾತ್ರ ಮತ್ತೆ ಬೆಳ್ಳಗಾಗಲಿಲ್ಲ.

ಮಾರ್ಚ್ 9, ಶನಿವಾರ

ಇಂಥ ಮುಖ ಇಟ್ಟುಕೊಂಡ ಸಾಮಾನನ್ನು ಯಾವ ವ್ಯಾಪಾರಿಯ ಮುಂದೆ ಇಡಲಿ? ಮಾರುವ ಮನೆಗೂ ಜನ ಸುಣ್ಣ ಬಣ್ಣ ಮಾಡಿಸುತ್ತಾರೆ. ತೊಳೆಯುವುದೇ ಸರಿ ಎಂದು ಶುರುಮಾಡಿದೆ.

ಸೋಪಿನ ನೀರಿಗೆ ಸ್ವಲ್ಪ ಹೋಯಿತು, ಉಳಿದದ್ದು ಜಪ್ಪಯ್ಯ ಎನ್ನಲಿಲ್ಲ. ಇದೆಂಥ ಕೊಳೆ! ಲಾಂಡ್ರಿಯಲ್ಲಿ ಕಲಿತ ಹಾಗೆ ಮೊದಲು ಕಣ್ಣಿಗೆ ಬೀಳದ ಮೂಲೆಯಲ್ಲಿ ಸ್ಪಿರಿಟ್ ಹಚ್ಚಿ ನೋಡಿದೆ. ಕೆಳಗಿನ ಬಣ್ಣಕ್ಕೆ ಏನೂ ಆಗಲಿಲ್ಲ, ಕೊಳೆ ಕರಗಿತು. ಆಮೇಲೆ ಹತ್ತಿ ಕಡ್ಡಿ, ಸ್ಪಿರಿಟ್, ಹಳೇ ಬನಿಯನ್ ಚೂರು. ಮೊದಲ ಇಂಜಿನ್‌ಗೆ ಎರಡು ಗಂಟೆ ಹಿಡಿಯಿತು, ಆಮೇಲೆ ಕೈ ಓಡಿತು. ಒಳಗಿಂದ ಎಂಥ ಹಸಿರು ಬಂತು ಅಂತೀರಿ, ಆಗ ತಾನೇ ಬಿಡಿಸಿದ ಬಟಾಣಿಯ ಹಾಗೆ.

ಒಂದಕ್ಕಂತೂ ಹೊಟ್ಟೆಯ ಕೆಳಗೆ ಬಿಳೀ ಗೆರೆಗಳು, ನಮ್ಮ ಕೆಟ್ಲಿನೊಳಗೆ ಕಟ್ಟುತ್ತದಲ್ಲ ಅದೇ ಥರ. ಆಟದ ಸಾಮಾನಿಗೂ ಸುಣ್ಣ ಕಟ್ಟುತ್ತದೆ ಎಂದರೆ ಆ ಕೋಣೆಯನ್ನು ಅವನು ಹೇಗೆ ಇಟ್ಟುಕೊಂಡಿದ್ದ ಎಂದು ಲೆಕ್ಕ ಹಾಕಿ.

ಮಾರ್ಚ್ 14, ಗುರುವಾರ

ಈಗ ಅವನ ಕುರ್ಚಿಯಲ್ಲೇ ಕೂರುತ್ತೇನೆ. ಅಡುಗೆಮನೆಗೆ ಹೊತ್ತು ತರುವುದು ಬೇಡವೆನಿಸಿತು. ಬೆಳಗ್ಗೆ ಟೀ ತೆಗೆದುಕೊಂಡು ಹೋದರೆ ಊಟದ ಹೊತ್ತೂ ಮರೆಯುತ್ತದೆ. ಆ ಕಿಟಕಿಯಿಂದ ಕಣಿವೆಯ ಹಳಿ ಕಾಣುತ್ತದೆ ಎಂಬುದು ಈ ಮನೆಯಲ್ಲಿ ಇಷ್ಟು ವರ್ಷ ಇದ್ದ ನನಗೆ ಗೊತ್ತಿರಲಿಲ್ಲ. ಇವತ್ತು ಒಂದು ಗಾಡಿ ಹೋಯಿತು. ಕೈಯಲ್ಲಿ ಹತ್ತಿ ಕಡ್ಡಿ ಹಿಡಿದುಕೊಂಡೇ ಅದು ಮರೆಯಾಗುವವರೆಗೆ ನೋಡಿದೆ. ಕುರ್ಚಿಯ ಮೆತ್ತೆ ಅವನ ಭಾರಕ್ಕೆ ತಗ್ಗಾಗಿದೆ, ನಾನು ಅದರಲ್ಲಿ ಸರಿಯಾಗಿ ಕೂರುತ್ತೇನೆ.

ಇವತ್ತಿನವುಗಳಲ್ಲಿ ಒಂದು ಕಪ್ಪು ಇಂಜಿನ್. ಮಿಕ್ಕವೆಲ್ಲಕ್ಕಿಂತ ಗಲೀಜು. ಕಂಬಳಿ ಹೊದ್ದ ಹಾಗೆ ಮಸಿ. ಆದರೆ ಡ್ರೈವರಿನ ಕಿಟಕಿಯ ಕೆಳಗೆ, ನಂಬರಿದ್ದ ಕಡೆ, ಉಗುರಿನಷ್ಟು ಜಾಗ ಸ್ವಚ್ಛವಾಗಿತ್ತು. ಒರೆಸಲು ಶುರುಮಾಡಿ ಬೇಸರ ಬಂದು ಬಿಟ್ಟಿರಬೇಕು. ಕ್ಲಿಫರ್ಡ್ ಎಂದರೆ ಅದೇ. ಬಚ್ಚಲಿನ ಬಾಗಿಲಿಗೆ ಅರ್ಧ ಬಣ್ಣ ಹೊಡೆದು ಎರಡು ವರ್ಷ ಬಿಟ್ಟಿದ್ದವನು.

ಅವನು ಬಿಟ್ಟಿದ್ದನ್ನು ನಾನು ಮುಗಿಸಿದೆ. ಈಗ ಅದು ಪಾಲಿಷ್ ಮಾಡಿದ ಷೂವಿನಂತೆ ಹೊಳೆಯುತ್ತಿದೆ.

ಮಾರ್ಚ್ 17, ಭಾನುವಾರ

ಕೊನೆಯದೂ ಆಯಿತು. ಬೀರುವಿನ ಗಾಜು ಒರೆಸಿ ಎಲ್ಲವನ್ನೂ ಸಾಲಾಗಿ ನಿಲ್ಲಿಸಿದೆ. "ನೋಡು ಈಗ" ಎಂದು ಬಾಯಿಬಿಟ್ಟು ಹೇಳಿದೆ. ಕುರ್ಚಿ ಖಾಲಿಯಿತ್ತು. ಬೇಗ ಮುಗಿಯಿತಲ್ಲ ಎನಿಸಿ ಬೇಜಾರಾಯಿತು. ಇನ್ನೂ ನಾಲ್ಕು ಇದ್ದಿದ್ದರೆ ಚೆನ್ನಾಗಿತ್ತು.

ಮಾರ್ಚ್ 27, ಬುಧವಾರ

ಆರ್ನಲ್ಡ್ ಬಂದಿದ್ದರು. ಊರುಗೋಲು ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ, ಕೋಣೆಯ ಬಾಗಿಲಲ್ಲಿ ನಿಂತು ಬೀರುವನ್ನೇ ನೋಡಿದರು.

"ಇವು ಯಾರವು?"

"ಕ್ಲಿಫರ್ಡಂದೇ."

"ಇವಲ್ಲ ಥೆಲ್ಮಾ. ಕ್ಲಿಫ್‌ದು ಎಲ್ಲಿಟ್ಟಿದೀರಿ?"

"ಇವೇ ರೀ! ಗುರುತು ಸಿಗಲಿಲ್ವಾ? ಎಲ್ಲಾ ತೊಳೆದೆ. ಸ್ಪಿರಿಟ್ ಹಾಕಿ ಒಂದೊಂದೇ ಕೂತು ಉಜ್ಜಿದೀನಿ. ಅದೇನ್ ಗಲೀಜು ಅಂತೀರಿ, ಕಿತ್ಕೊಂಡೇ ಬರ್ತಿರ್ಲಿಲ್ಲ."

ಅವರು ಕ್ಲಿಫರ್ಡನ ಕುರ್ಚಿಯಲ್ಲಿ ಕೂತರು. ಕನ್ನಡಕ ತೆಗೆದರು, ಹಾಕಿಕೊಂಡರು, ಮತ್ತೆ ತೆಗೆದರು. ಟೀ ಕೇಳಿದರು. ತಂದುಕೊಟ್ಟರೆ ಕುಡಿಯಲಿಲ್ಲ.

"ಎಲ್ಲಾನೂ ತೊಳೆದ್ರಾ?"

"ಎಲ್ಲಾನೂ."

"ಥೆಲ್ಮಾ, ಅದು ಕೊಳೆ ಅಲ್ಲ. ಬಣ್ಣ. ಅವನು ಕೂತು ಹಚ್ಚಿದ್ದು."

ನನಗೆ ಅರ್ಥವಾಗಲಿಲ್ಲ. ಚಿಕ್ಕ ಹುಡುಗಿಗೆ ಹೇಳುವ ಹಾಗೆ ಬಿಡಿಸಿ ಹೇಳಿದರು. ಮಿಕ್ಕವರೆಲ್ಲ ಇಂಜಿನ್ ಕೊಂಡು ಹಳಿಯ ಮೇಲೆ ಓಡಿಸುತ್ತಾರಂತೆ. ಕ್ಲಿಫರ್ಡನಿಗೆ ಓಡಿಸುವುದರಲ್ಲಿ ಅಂಥ ಆಸೆಯಿರಲಿಲ್ಲ. ಹೊಸದನ್ನು ಕೊಂಡು, ತಾನು ಹುಡುಗನಾಗಿದ್ದಾಗ ಕಂಡ ಇಂಜಿನ್ನಿನ ಹಾಗೆ ಆಗುವವರೆಗೆ ಅದಕ್ಕೆ ಮಸಿ ಹಿಡಿಸುತ್ತಿದ್ದ. ಕೂದಲಿನಂಥ ಬ್ರಷ್ಷಿನಲ್ಲಿ, ಒಂದೊಂದಕ್ಕೆ ತಿಂಗಳುಗಟ್ಟಲೆ. ಬೆಂಕಿಗೆ ಕಲ್ಲಿದ್ದಲು ಹಾಕುವವನು ಹತ್ತಿಳಿಯುವಾಗ ಹಿಡಿಯುವ ಕಂಬಿ ಮಾತ್ರ ಹೊಳೆಯಬೇಕು, ಅದರ ಸುತ್ತ ಎಣ್ಣೆ ಜಿಡ್ಡು ಇರಬೇಕು, ಅಷ್ಟು ಸೂಕ್ಷ್ಮ. ದೂರದೂರದಿಂದ ಜನ ಕ್ಲಬ್ಬಿಗೆ ಬಂದು ಭೂತಗನ್ನಡಿ ಹಿಡಿದು ನೋಡುತ್ತಿದ್ದರಂತೆ.

"ಹೊಟ್ಟೆ ಕೆಳಗೆ ಬಿಳೀ ಗೆರೆ ಇತ್ತಲ್ಲ? ಗಡಸು ನೀರು ಸೋರಿ ಕಟ್ಟೋ ಸುಣ್ಣ ಅದು. ಆ ಬಿಳೀನ ಹಿಡಿಯೋಕೆ ಮೂರು ಚಳಿಗಾಲ ಒದ್ದಾಡಿದ. ಕೊನೆಗೆ ನಿಮ್ಮ ಕೆಟ್ಲಿನೊಳಗೆ ನೋಡಿ ನೋಡಿ ಹಿಡಿದ."

ನನಗೆ ನೆನಪಿದೆ. ಕೆಟ್ಲಿನ ಮುಚ್ಚಳ ತೆಗೆದು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದ. ನಾನು ಸರಿಯಾಗಿ ತೊಳೆದಿಲ್ಲ ಎಂದು ಮೂದಲಿಸುತ್ತಿದ್ದಾನೆ ಎಂದುಕೊಂಡು ಒಂದು ದಿನವಿಡೀ ಮಾತು ಬಿಟ್ಟಿದ್ದೆ.

"ನನಗ್ಯಾಕೆ ಅವನು ಹೇಳ್ಲಿಲ್ಲ ಆರ್ನಲ್ಡ್? ಒಂದು ಮಾತು ಹೇಳಬಾರದಿತ್ತಾ?"

"ನಾನೂ ಕೇಳಿದ್ದೆ. 'ಅವಳು ಇಡೀ ದಿನ ಆಸ್ಪತ್ರೇಲಿ ಕಲೆ ತೆಗೆದು ಸುಸ್ತಾಗಿ ಬರ್ತಾಳೆ, ಮನೇಲಿ ನಾನು ಕಲೆ ಹಚ್ಕೊಂಡು ಕೂತಿದೀನಿ ಅಂತ ಯಾವ ಬಾಯಲ್ಲಿ ಹೇಳ್ಲಿ' ಅಂದಿದ್ದ. ತಪ್ಪು ನಂದು ಥೆಲ್ಮಾ. ಡಬ್ಬಿ ಎಸೀಬೇಡಿ ಅಂದವನು ತೊಳೀಬೇಡಿ ಅನ್ನಲಿಲ್ಲ. ಯಾರಾದ್ರೂ ತೊಳೀತಾರೆ ಅಂತ ನನಗೆ ಹೊಳೀಲೇ ಇಲ್ಲ."

ಅವರು ಮೆಟ್ಟಿಲಿಳಿಯುವಾಗ ನಾನು ತೋಳು ಹಿಡಿದುಕೊಂಡೆ. ಯಾರು ಯಾರಿಗೆ ಆಸರೆಯಾಗಿದ್ದೆವೋ ಗೊತ್ತಿಲ್ಲ.

ಮಾರ್ಚ್ 28, ಗುರುವಾರ

ಏನೂ ಮಾಡಲಿಲ್ಲ. ನಿನ್ನೆಯ ಟೀ ಲೋಟ ಹಾಗೇ ಇದೆ.

ಏಪ್ರಿಲ್ 1, ಸೋಮವಾರ

ಆರ್ನಲ್ಡ್ ಹೇಳಿದ್ದರಲ್ಲಿ ಒಂದನ್ನು ನಾನು ಅವತ್ತು ಬರೆಯಲಿಲ್ಲ. ಬರೆಯದಿದ್ದರೆ ಹೇಳಿಯೇ ಇಲ್ಲ ಎಂದಾಗಬಹುದು ಎಂದುಕೊಂಡೆನೇನೋ. ಆಗಲಿಲ್ಲ.

ಹೊರಡುವ ಮುಂಚೆ ಅವರು ಬೀರುವಿನಿಂದ ಕಪ್ಪು ಇಂಜಿನ್ ತೆಗೆದು ಅದರ ಮಗ್ಗುಲು ನೋಡಿದರು. ಎರಡು ಸಲ ತಿರುಗಿಸಿದರು.

"ಇದರಲ್ಲಿ ಒಂದು ಒರೆಸಿದ ಜಾಗ ಇತ್ತು. ನಂಬರ್ ಮೇಲೆ. ಕ್ಲಬ್ಬಲ್ಲಿ ಎಲ್ಲರೂ ಕೇಳೋರು, ಅಷ್ಟು ಮಸಿ ಮಧ್ಯೆ ಇದೊಂದು ಯಾಕೆ ಚೊಕ್ಕ ಅಂತ. ಬಟ್ಟೆ ಎಳೆದ ಗುರುತು ಕೂಡ ಕಾಣೋದು. 'ಅದು ನಾನು ಮಾಡಿದ್ದಲ್ಲ, ಥೆಲ್ಮಾ ಒರೆಸಿದ್ದು' ಅಂತಿದ್ದ. ನೀವ್ಯಾವಾಗ ಈ ಕೋಣೆಗೆ ಬಂದ್ರಿ ಅಂತ ನಮಗೆಲ್ಲ ಆಶ್ಚರ್ಯ."

ಅವರ ಕೈಯಿಂದ ಇಂಜಿನ್ ತೆಗೆದುಕೊಂಡು ಬೀರುವಿನಲ್ಲಿಟ್ಟೆ.

ಬೇಸರ ಬಂದು ಬಿಟ್ಟ ಕೆಲಸ ಎಂದು ನಾನೇ ಮೇಲೆ ಬರೆದಿದ್ದೇನೆ. ಅದನ್ನು ಈಗ ಓದಿದೆ. ಸ್ಕಿಪ್ಟನ್ ಸ್ಟೇಷನ್ನಿನ ಆ ಮಧ್ಯಾಹ್ನ, ನನ್ನ ಕರ್ಚೀಫು ಹೋಗಿ ಬಂದ ದಾರಿ, ಅದನ್ನು ಉಗುರಗಲ ಜಾಗದಲ್ಲಿ ಅವನು ಬಿಡಿಸಿಟ್ಟಿದ್ದ. ಆ ಜಾಗ ಎದ್ದು ಕಾಣಲಿ ಎಂದೇ ಸುತ್ತಲೂ ಅಷ್ಟು ಮಸಿ ಬಳಿದಿದ್ದ. ನಾನು ಸುತ್ತಲಿನದನ್ನೆಲ್ಲ ಒರೆಸಿಹಾಕಿದೆ. ಈಗ ಅದು ಎಲ್ಲಿತ್ತು ಎಂದು ಕನ್ನಡಕ ಹಾಕಿಕೊಂಡು ಹುಡುಕಿದರೂ ಸಿಗುವುದಿಲ್ಲ. ಇಡೀ ಇಂಜಿನ್ನೇ ಒರೆಸಿದ ಜಾಗವಾಗಿದೆ.

ನಲವತ್ತು ವರ್ಷ ಬಾಗಿಲು ಹಾಕಿಕೊಂಡು ಕೂತಿದ್ದ ಎಂದು ದೂರುತ್ತಿದ್ದೆ. ಬಾಗಿಲು ತಟ್ಟಿ ಒಳಗೆ ಬರಲೇ ಎಂದು ನಾನು ಕೇಳಿದ್ದು ಯಾವಾಗ? ನೆನಪಿಗೆ ಬರುತ್ತಿಲ್ಲ.

ಏಪ್ರಿಲ್ 11, ಗುರುವಾರ

ಆರ್ನಲ್ಡ್ ಗೊತ್ತುಮಾಡಿದ ವ್ಯಾಪಾರಿ ವೇಕ್‌ಫೀಲ್ಡಿನಿಂದ ಬಂದಿದ್ದ. ಪ್ರೆಂಟಿಸ್ ಎಂದು ಹೆಸರು, ಒಳ್ಳೆಯ ಮಾತಿನವನು. ಸಾಮಾನು ಕಟ್ಟಲು ನೊರೀನ್ ಕೂಡ ಬಂದಿದ್ದಳು. ಅವಳ ಎದುರಿಗೇ ಆಯಿತು ಎಲ್ಲ.

ಅವನು ಒಂದೊಂದೇ ಇಂಜಿನ್ ಎತ್ತಿ ದೀಪಕ್ಕೆ ಹಿಡಿದ. ಡಬ್ಬಿಗಳನ್ನು ನೋಡಿದ. ಅವನ ಮುಖ ಅರಳಿತು.

"ಏನ್ ಚೆನ್ನಾಗಿ ಇಟ್ಕೊಂಡಿದ್ರು ಅಮ್ಮಾ ನಿಮ್ಮ ಯಜಮಾನರು! ಆರ್ನಲ್ಡ್ ಫೋನಲ್ಲಿ ಏನೋ ಮಸಿ, ಬಣ್ಣ ಅಂದಿದ್ರು, ನಾನು ಹೆದರಿಕೊಂಡೇ ಬಂದೆ. ಮೇಲೆ ಬಣ್ಣ ಹಚ್ಚಿ ಕೈಯಾಡಿಸಿದ ಮಾಲು ಅರ್ಧ ಬೆಲೆಗೂ ಹೋಗಲ್ಲ. ಹಚ್ಚಿದವರಿಗೆ ಚೆಂದ, ಕೊಳ್ಳೋನಿಗೆ ಬೇಡ. ಇದು ನೋಡಿ, ಒಂದಕ್ಕೂ ಕೈಯಾಡಿಸಿಲ್ಲ."

"ನೋಡಿದ್ಯಾ?" ನೊರೀನ್ ನನ್ನ ಬೆನ್ನಿಗೆ ಗುದ್ದಿದಳು. "ತೊಳೆದಿದ್ದು ಇವಳೇ ಕಣ್ರೀ! ನಮ್ಮಕ್ಕನ ಕೈ ಅಂದ್ರೆ ಏನಂದ್ಕೊಂಡಿದೀರಿ?"

"ಹಾಗಿದ್ರೆ ದುಡ್ಡು ದುಪ್ಪಟ್ಟು ಮಾಡಿದ್ದೇ ನೀವು ಅಮ್ಮಾ."

ಕ್ಲಿಫರ್ಡ್ ಬದುಕಿದ್ದಾಗ ನನ್ನ ಕೈಗಳನ್ನು ಯಾರೂ ಹೀಗೆ ಹೊಗಳಿರಲಿಲ್ಲ. ನಾನು ಮೇಜಿನ ಅಂಚು ಹಿಡಿದು ನಿಂತಿದ್ದೆ. ನಾಲ್ಕು ಸಾವಿರ ಪೌಂಡ್ ಮತ್ತು ಚಿಲ್ಲರೆ. ನೊರೀನ್ ಆ ಅಂಕಿಯನ್ನು ಎರಡು ಸಲ ಕೇಳಿ ಖಾತ್ರಿಮಾಡಿಕೊಂಡಳು. ಆಮೇಲೆ, "ಅಕ್ಕಾ, ಭಾವನ ಬಗ್ಗೆ ನಾನು ಏನೇನೋ ಅಂದುಬಿಟ್ಟೆ ಕಣೇ" ಎಂದಳು. ಅವಳ ಬಾಯಿಂದ ಇದೇ ಮಾತನ್ನು ಕೇಳಬೇಕೆಂದು ಎಷ್ಟು ವರ್ಷದಿಂದ ಕಾದಿದ್ದೆ. ಇವತ್ತು ಕೇಳಿಸಿಕೊಳ್ಳಲು ನಾಚಿಕೆಯಾಯಿತು. ಅವನು ಆ ಕೋಣೆಯಲ್ಲಿ ಕೂತೇ ಇರಲಿಲ್ಲ ಎನ್ನುವುದಕ್ಕೆ ಸಿಕ್ಕ ಬೆಲೆ ಅದು. ಕೂತಿದ್ದ ಎಂದಾಗಿದ್ದರೆ ಅರ್ಧ.

ಕಪ್ಪು ಇಂಜಿನ್‌ಗೆ ಪ್ರೆಂಟಿಸ್ ಕೈ ಹಾಕಿದಾಗ, "ಅದಿರಲಿ" ಎಂದೆ.

"ಇರೋದ್ರಲ್ಲಿ ಒಳ್ಳೇದೇ ಅದು ಅಮ್ಮಾ. ಬೇಕಾದ್ರೆ ಇನ್ನೂ ಸ್ವಲ್ಪ ಸೇರಿಸ್ತೀನಿ."

"ಬೇಡಪ್ಪ. ಅದು ಮಾರೋದಲ್ಲ."

ಏಪ್ರಿಲ್ 20, ಶನಿವಾರ

ಅವನ ಬಣ್ಣದ ಡಬ್ಬಿಗಳು, ಬ್ರಷ್ಷುಗಳು ಮೇಜಿನ ಖಾನೆಯಲ್ಲಿ ಸಿಕ್ಕಿದವು. ಕಪ್ಪು, ಕಂದು, ಇನ್ನೊಂದು ಥರದ ಕಪ್ಪು. ಇವತ್ತು ಬಾಗಿಲು ಹಾಕಿಕೊಂಡು ಕಪ್ಪು ಇಂಜಿನ್‌ಗೆ ಮಸಿ ಹಚ್ಚಲು ಕೂತೆ. ಆರ್ನಲ್ಡ್ ಫೋನಿನಲ್ಲಿ ಹೇಗೆಂದು ಹೇಳಿಕೊಟ್ಟಿದ್ದರು. ಮಸಿಯಂತೆ ಕಾಣಲಿಲ್ಲ, ಕೆಸರು ಮೆತ್ತಿದ ಹಾಗೆ ಕಂಡಿತು. ಕೊಳೆ ತೆಗೆಯುವುದು ನನಗೆ ಗೊತ್ತು, ಕೂರಿಸುವುದು ಗೊತ್ತಿಲ್ಲ. ಮತ್ತೆ ಸ್ಪಿರಿಟ್ ತಂದು ಎಲ್ಲ ಒರೆಸಿದೆ. ಅಳು ಬಂತು, ಅತ್ತೆ. ಬಣ್ಣದ ಕೈಯಲ್ಲೇ ಕಣ್ಣೊರೆಸಿಕೊಂಡೆ.

ಮೇ 2, ಗುರುವಾರ

ಬೀಗದ ಕೈ ಕೊಟ್ಟೆ. ಹಿಂದಿನ ಕೋಣೆಯ ನೆಲ ಗುಡಿಸಲಿಲ್ಲ. ಹೊಸಬರು ಏನಂದುಕೊಳ್ಳುತ್ತಾರೋ ಅಂದುಕೊಳ್ಳಲಿ. ಆ ಕುರ್ಚಿಯನ್ನು ಮೊರೆಕ್ಯಾಂಬಿಗೆ ಹೊರಟ ಲಾರಿಗೆ ಹಾಕಿಸಿದೆ, ನೊರೀನ್ ಎಷ್ಟು ಮೂಗು ಮುರಿದರೂ.

ಜೂನ್ 9, ಭಾನುವಾರ, ಮೊರೆಕ್ಯಾಂಬ್

ಗಾಳಿ. ಕಿಟಕಿ ತೆರೆದರೆ ಮರಳು, ಮುಚ್ಚಿದರೆ ಉಸಿರು ಕಟ್ಟುತ್ತದೆ. ನಾನು ತೆರೆದೇ ಇಡುತ್ತೇನೆ. ಕ್ಲಿಫರ್ಡನ ಕುರ್ಚಿ ಕಿಟಕಿಯ ಹತ್ತಿರವಿದೆ, ಕಪ್ಪು ಇಂಜಿನ್ ಕಿಟಕಿಯ ಹಲಗೆಯ ಮೇಲಿದೆ. ಇಲ್ಲಿ ಹಳಿ ಕಾಣುವುದಿಲ್ಲ, ಸಮುದ್ರ ಹಿಂದಕ್ಕೆ ಸರಿದಾಗ ಕೆಸರು ಕಾಣುತ್ತದೆ.

ಮಧ್ಯಾಹ್ನ ಊಟಕ್ಕೆ ನೊರೀನ್ ಬಂದಿದ್ದಳು. ಹುರಿದ ಮಾಂಸ, ಬಟಾಣಿ, ಆಮೇಲೆ ರುಬಾರ್ಬ್ ದಂಟಿನ ಸಿಹಿ. ನಾನು ತಟ್ಟೆ ತೊಳೆಯುತ್ತಿದ್ದಾಗ ಅವಳು ಸುಮ್ಮನಿರಲಾರದೆ ಧೂಳಿನ ಬಟ್ಟೆ ಹಿಡಿದು ಹೊರಟಳು.

"ಅಕ್ಕಾ, ಏನೇ ಇದು? ನಿನ್ನ ಮನೇಲಿ ಇಷ್ಟು ಧೂಳಾ? ಈ ಇಂಜಿನ್ ನೋಡು, ಬೂದಿ ಹಾಕಿದ ಹಾಗಿದೆ!"

"ಮುಟ್ಟಬೇಡ!"

ಸೋಪಿನ ಕೈಯಲ್ಲೇ ಓಡಿಬಂದು ಅವಳ ಕೈಯಿಂದ ಬಟ್ಟೆ ಕಿತ್ತುಕೊಂಡೆನಂತೆ. ಆಮೇಲೆ ಅವಳೇ ಹೇಳಿದ್ದು. "ಹುಷಾರಾಗಿದೀಯಾ ಅಕ್ಕಾ? ಡಾಕ್ಟರ ಹತ್ರ ಹೋಗೋಣ್ವಾ?" ಎಂದು ಎರಡು ಸಲ ಕೇಳಿದಳು. ನನಗೇನಾಗಿದೆ? ಹುಷಾರಾಗಿಯೇ ಇದ್ದೇನೆ. ಕಪಾಟು ಒರೆಸಿದ್ದೇನೆ, ಒಲೆ ಉಜ್ಜಿದ್ದೇನೆ, ಪರದೆಗಳನ್ನು ಒಗೆದಿದ್ದೇನೆ. ಆ ಹಲಗೆಯೊಂದನ್ನು ಬಿಟ್ಟಿದ್ದೇನೆ, ಅಷ್ಟೇ.

ಅವಳು ಹೋದ ಮೇಲೆ ಕನ್ನಡಕ ಹಾಕಿಕೊಂಡು ನೋಡಿದೆ. ಹೊಗೆಕೊಳವೆಯ ಸುತ್ತ ಧೂಳು ಚೆನ್ನಾಗಿ ಕೂತಿದೆ. ಮಗ್ಗುಲಲ್ಲಿ ಈಗ ತಾನೇ ಹಿಡಿಯುತ್ತಿದೆ, ಇನ್ನೊಂದು ಚಳಿಗಾಲ ಹೋಗಬೇಕು. ಒಂದು ಹೊಸ ಬಿಳೀ ಕರ್ಚೀಫು ತಂದು ಖಾನೆಯಲ್ಲಿಟ್ಟಿದ್ದೇನೆ. ಡ್ರೈವರಿನ ಕಿಟಕಿಯ ಕೆಳಗೆ, ನಂಬರಿನ ಮೇಲೆ ಮಾತ್ರ, ಒಂದು ಸಲ ಎಳೆದರೆ ಸಾಕು. ಆದರೆ ಧೂಳು ಇನ್ನೂ ಸಾಲದು.